ಬ್ರಹ್ಮಸ್ಥಾನದ ಕಂಬ

ನೀಲಮ್ಮ ಟೀಚರ್ ನಡೆಯುವುದನ್ನು ನೋಡದವರು ಚಂದ್ರಾ ಲೇಔಟಿನಲ್ಲಿ ಒಬ್ಬರೂ ಇರಲಿಲ್ಲ. ಗೋವಿಂದರಾಜನಗರದ ಪ್ರೈಮರಿ ಶಾಲೆಗೆ, ಬಸ್ಸಿದ್ದರೂ, ನಡೆದೇ ಹೋಗಿ ನಡೆದೇ ಬಂದು ಸರ್ವೀಸು ಮುಗಿಸಿದ ಹೆಂಗಸು. ರಿಟೈರಾದ ಮೇಲೂ ಅಷ್ಟೆ. ಸೊಪ್ಪಿನ ಗಾಡಿಯವನು ಗೇಟಿನ ಮುಂದೆಯೇ ನಿಂತು ಗಂಟಲು ಹರಿದುಕೊಂಡರೂ ಕಿವಿಗೆ ಹಾಕಿಕೊಳ್ಳದೆ ವಿಜಯನಗರದ ಮಾರ್ಕೆಟ್ಟಿಗೇ ಹೋಗಬೇಕು. ಎರಡು ಕೈಯಲ್ಲಿ ಎರಡು ಚೀಲ ಹಿಡಿದು ವಾಪಸ್ಸು ಬರುವಾಗ ಆಟೋದವರು ಪಕ್ಕದಲ್ಲಿ ನಿಧಾನ ಮಾಡಿ, "ಬನ್ನಿ ಮೇಡಂ, ಬಿಡ್ತೀನಿ" ಅಂದರೆ, "ನಿಂಗೆ ಅರ್ಜೆಂಟಿದ್ರೆ ನೀನ್ ಹೋಗಪ್ಪ" ಅಂದುಬಿಡುತ್ತಿದ್ದರು.

ಬೆಳಗಿನ ವಾಕಿಂಗಿಗೆ ಅವರ ಜೊತೆಗಾತಿ ಹಿಂದಿನ ರಸ್ತೆಯ ಅಲಮೇಲು. ಅಲಮೇಲು ಪಾರ್ಕಿಗೆ ಬರುತ್ತಿದ್ದದ್ದು ನಡೆಯಲಿಕ್ಕಲ್ಲ, ಮಾತಾಡಲಿಕ್ಕೆ. ಕಾಲಿಗಿಂತ ಬಾಯಿ ಮುಂದೆ. ನೀಲಮ್ಮ ಒಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ಅಲಮೇಲು ಗುಲ್‌ಮೊಹರ್ ಮರದ ಕೆಳಗಿನ ಬೆಂಚಿನ ತನಕ ಬಂದಿದ್ದರೆ ಅದೇ ದೊಡ್ಡದು. ಆದರೂ ಇಪ್ಪತ್ತು ವರ್ಷ ಇಬ್ಬರೂ ಒಟ್ಟಿಗೇ ಹೋದರು, ಒಟ್ಟಿಗೇ ಬಂದರು. ಹಬ್ಬ ಇರಲಿ, ಮಳೆ ಇರಲಿ, ಮನೆಗೆ ನೆಂಟರು ಬಂದಿರಲಿ, ತಪ್ಪಿಸಿದವರಲ್ಲ.

ಆಮೇಲೆ ಒಂದೇ ವರ್ಷದಲ್ಲಿ ಎರಡು ಏಟು ಬಿತ್ತು. ಅಲಮೇಲುವಿನ ಮಗಳು ರಾಗಿಣಿಗೆ ಕೂಸು ಹುಟ್ಟಿತು. ಅವಳು ಕಾಲೇಜಿಗೆ ಪಾಠ ಮಾಡಲು ಹೋಗುವವಳು, ಕೂಸನ್ನು ನೋಡಿಕೊಳ್ಳಲು ಅಮ್ಮ ಬೇಕು. ಅಲಮೇಲು ಗಂಟುಮೂಟೆ ಕಟ್ಟಿಕೊಂಡು ಕೆಂಗೇರಿಗೆ ಹೋದರು. ಇತ್ತ ನೀಲಮ್ಮನ ಬಲಮಂಡಿ ಕೈಕೊಟ್ಟಿತು. ಆಪರೇಷನ್ ಆಯಿತು. ಡಾಕ್ಟರು ನಡೀರಿ ನಡೀರಿ ಅನ್ನುತ್ತಾರೆ, ಮಂಡಿ ಕೂತ್ಕೋ ಕೂತ್ಕೋ ಅನ್ನುತ್ತದೆ. ಅರ್ಧ ವರ್ಷ ಕಳೆದರೂ ನೀಲಮ್ಮನ ಓಡಾಟವೆಲ್ಲ ಕೋಲು ಹಿಡಿದು ಮಲಗುವ ಕೋಣೆಯಿಂದ ಹಾಲಿಗೆ, ಹಾಲಿನಿಂದ ಬಚ್ಚಲಿಗೆ. ಊರೆಲ್ಲ ಅಳೆದ ಕಾಲು ಹೀಗೆ ಮೂಲೆ ಸೇರಿತಲ್ಲ ಅಂತ ಆಕೆ ಯಾರ ಮುಂದೂ ಹೇಳಿಕೊಳ್ಳಲಿಲ್ಲ. ರಾತ್ರಿ ಹಾಸಿಗೆಯಲ್ಲಿ ಒಬ್ಬರೇ ಅತ್ತರು.

ದಾರಿ ತೋರಿಸಿದವನು ಅಲಮೇಲುವಿನ ಅಳಿಯ ಕಶ್ಯಪ್. ತನ್ನ ಹಳೇ ಕಂಪ್ಯೂಟರನ್ನು ತಂದು ನೀಲಮ್ಮನ ಹಾಲಿನಲ್ಲಿ ಇಟ್ಟ, ಒಂದು ಆಟ ಹಾಕಿಕೊಟ್ಟ. ಗೆಲ್ಲುವುದು ಸೋಲುವುದು ಇಲ್ಲದ ಆಟ. ಬೆಟ್ಟ ಇದೆ, ಹೊಳೆ ಇದೆ, ಕಾಡಿದೆ. ಮರ ಕಡಿದು ಮನೆ ಕಟ್ಟಬಹುದು, ನೆಲ ಅಗೆದು ಕಲ್ಲು, ತಾಮ್ರ, ಕಬ್ಬಿಣ ತೆಗೆಯಬಹುದು. ಕೆಂಗೇರಿಯಲ್ಲಿ ಅಲಮೇಲು, ಚಂದ್ರಾ ಲೇಔಟಿನಲ್ಲಿ ನೀಲಮ್ಮ, ಇಬ್ಬರೂ ಒಂದೇ ಲೋಕದೊಳಗೆ. "ಇದೆಂಥಾ ಮಕ್ಕಳಾಟ ಕಣಪ್ಪ" ಅಂತ ಮೂಗು ಮುರಿದ ನೀಲಮ್ಮ, ಮೌಸ್ ಹಿಡಿದು ಮುಂದಕ್ಕೆ ಹೆಜ್ಜೆ ಹಾಕಿದ್ದೇ ತಡ, ಬೆಟ್ಟ ಹತ್ತಿ ಆ ಕಡೆ ಇಳಿದೇಬಿಟ್ಟರು. ಮಂಡಿ ಚಕಾರ ಎತ್ತಲಿಲ್ಲ.

ಅಂದಿನಿಂದ ಬೆಳಗಿನ ವಾಕಿಂಗು ಮತ್ತೆ ಶುರುವಾಯಿತು. ಫೋನನ್ನು ಸ್ಪೀಕರಿಗೆ ಹಾಕಿಕೊಂಡು ಇಬ್ಬರೂ ಹೊಳೆ ದಂಡೆಯಲ್ಲಿ ನಡೆಯುವುದು, ಮನೆಗೆ ಬಂದು ಗೇಯುವುದು. ದಾರಿ ಮಾಡಿದರು, ದಾರಿಯ ಪಕ್ಕ ಬೆಂಚು ಹಾಕಿದರು. ಅಲ್ಲೂ ಅಲಮೇಲು ಬೆಂಚು ಬಂದ ಕೂಡಲೇ ನಿಂತುಬಿಡುತ್ತಿದ್ದರು. ಶುರುವಿನಲ್ಲೇ ಕಶ್ಯಪ್ ಕೇಳಿದ್ದ, "ಒಂದ್ಸಲ ಸತ್ರೆ ಮತ್ತೆ ಹುಟ್ಟೋ ಹಾಗೆ ಇಡ್ಲಾ, ಇಲ್ಲಾ ಒಂದೇ ಜೀವ ಇಡ್ಲಾ?" ಅಲಮೇಲುವೇ ದೊಡ್ಡ ಧೈರ್ಯಸ್ಥೆಯ ಹಾಗೆ, "ಒಂದೇ ಇಡೋ. ಮತ್ತೆ ಮತ್ತೆ ಹುಟ್ಟೋದಾದ್ರೆ ಯಾರು ಹುಷಾರಾಗಿರ್ತಾರೆ?" ಅಂದಿದ್ದರು. ಹಾಗಾಗಿ ಅಲ್ಲಿ ಸತ್ತರೆ ಮುಗಿಯಿತು. ಸತ್ತವರು ಗಾಳಿಯಲ್ಲಿ ತೇಲುತ್ತ ನೋಡಬಹುದು, ಅಷ್ಟೆ. ಜೊತೆಗೆ ನಡೆಯುವಂತಿಲ್ಲ, ಬೆಂಚಿನ ಮೇಲೆ ಕೂರುವಂತಿಲ್ಲ. "ಹಂಗಾದ್ರೆ ಇನ್ನೊಂದು ಲೋಕ ಮಾಡ್ಕೊಡ್ತೀನಿ ಬಿಡಿ ಆಂಟಿ" ಅಂತ ಕಶ್ಯಪ್ ಹಗುರಾಗಿ ಹೇಳಿದ್ದ. ಅವನಿಗೇನು ಗೊತ್ತು? ಇಪ್ಪತ್ತು ವರ್ಷದ ಪಾರ್ಕು ಹೋದ ಮೇಲೆ ಕೈಯಾರೆ ಕಟ್ಟಿಕೊಂಡ ದಾರಿ ಅದು. ಅದೂ ಹೋದರೆ ಮೂರನೆಯದು ಕಟ್ಟಲು ತನ್ನಿಂದಾಗದು ಅಂತ ನೀಲಮ್ಮನಿಗೆ ಖಾತ್ರಿಯಿತ್ತು.

ಆ ಲೋಕದಲ್ಲಿ ಹೆದರಬೇಕಾದದ್ದು ಹುಲಿ ಕರಡಿಗಲ್ಲ, ತಲೆಯ ಮೇಲಿನ ಕಲ್ಲಿಗೆ. ನೆಲದೊಳಗೆ ಅಗೆಯುತ್ತ ಹೋದಂತೆ ಮೇಲಿನ ಬಂಡೆಗೆ ಆಸರೆ ಕೊಡುತ್ತ ಹೋಗಬೇಕು. ಒಂದು ಮರದ ಕಂಬ ನಿಲ್ಲಿಸಿ ಅದರ ನೆತ್ತಿಯಿಂದ ನಾಲ್ಕು ದಿಕ್ಕಿಗೂ ತೊಲೆ ಚಾಚಿದರೆ ಸುತ್ತಲಿನ ಸೂರು ಭದ್ರ. ತೊಲೆಯ ಆಸರೆ ಮೀರಿ ಹೋದಿರೋ, ಅಲ್ಲಿಂದ ಮುಂದೆ ಅದೃಷ್ಟದ ಮಾತು. ವಿಚಿತ್ರವೇನೆಂದರೆ ಆಸರೆ ಇಲ್ಲದ ಬಂಡೆ ತಾನಾಗಿ ಬೀಳುವುದಿಲ್ಲ. ಸುಮ್ಮನೆ ಬಿಟ್ಟರೆ ವರ್ಷಗಟ್ಟಲೆ ನಿಂತಿರುತ್ತದೆ. ಅದರ ಆಸುಪಾಸಿನಲ್ಲಿ ಯಾರಾದರೂ ಪಿಕಾಸಿ ಬೀಸಿ ಒಂದು ಕಲ್ಲು ಕಿತ್ತರೆ, ಆ ಏಟಿಗೆ ಬೀಳುತ್ತದೆ. ಅದೂ ಪ್ರತಿ ಏಟಿಗೂ ಅಲ್ಲ. ಕೆಲವು ಸಲ ಬರೀ ಧೂಳು ಉದುರಿ, ಗುಡುಗಿನಂಥ ಸದ್ದು ಬಂದು ಸುಮ್ಮನಾಗುತ್ತದೆ. ಕೆಲವು ಸಲ ಇಡೀ ಸೂರೇ ಒಂದಕ್ಕೊಂದು ತಗುಲಿ ಇಳಿದುಬಿಡುತ್ತದೆ. ಯಾವ ಏಟಿಗೆ ಯಾವುದು ಅಂತ ಹೇಳುವವರಿಲ್ಲ. ನೀಲಮ್ಮ ಇದನ್ನೆಲ್ಲ ಕಶ್ಯಪ್‌ನಿಂದ ಕೇಳಿ ತಿಳಿದು, ತಮ್ಮ ಮನೆಯ ಕೆಳಗೆ ತಾಮ್ರಕ್ಕಾಗಿ ಅಗೆದ ನೆಲಮಾಳಿಗೆಯ ನಟ್ಟನಡುವೆ ಒಂದು ಕಂಬ ನಿಲ್ಲಿಸಿದ್ದರು. ಚೆಂದದ ಕಂಬ, ನಾಲ್ಕು ತೊಲೆ.

ಆ ಕಂಬ ಅವರ ಯಜಮಾನರು ರೇವಣಸಿದ್ದಪ್ಪನವರ ಕಣ್ಣಿಗೆ ಬಿದ್ದದ್ದೇ ಎಡವಟ್ಟಾಯಿತು.

ರೇವಣಸಿದ್ದಪ್ಪನವರು ಕೆಇಬಿಯ ಅಕೌಂಟ್ಸಿನಲ್ಲಿ ದುಡಿದು ನಿವೃತ್ತರಾದವರು. ನಿವೃತ್ತಿಯ ಮೇಲೆ ಅವರಿಗೆ ಹತ್ತಿದ್ದು ವಾಸ್ತುವಿನ ಹುಚ್ಚು. ಯಾರ ಮನೆಗೆ ಹೋದರೂ ಕಾಫಿ ಬರುವ ಮೊದಲೇ ಹಾಲಿನ ನಡುವೆ ನಿಂತು ಫೋನಿನ ದಿಕ್ಸೂಚಿ ತೆರೆಯುವುದು, ಮುಖ ಗಂಟಿಕ್ಕುವುದು, "ಹ್ಞೂಂ" ಅನ್ನುವುದು. ಆ "ಹ್ಞೂಂ"ಗೆ ಹೆದರಿ ಎಷ್ಟು ಜನ ಬಾಗಿಲು ಕಿತ್ತಿದ್ದಾರೋ ಶಿವನಿಗೇ ಗೊತ್ತು. ಕುರುಬರಹಳ್ಳಿಯ ಷಡ್ಡಕ ಚನ್ನವೀರೇಶ್ ಇವರ ಮಾತು ಕೇಳಿ ಫ್ರಿಜ್ಜನ್ನು ಅಡುಗೆಮನೆಯಿಂದ ಎತ್ತಿ ಮಲಗುವ ಕೋಣೆಗೆ ಹಾಕಿದ್ದರು. ಅವತ್ತಿನಿಂದ ಆ ಮನೆಯಲ್ಲಿ ಇವರಿಗೆ ಕಾಫಿಗೆ ಸಕ್ಕರೆ ಕಮ್ಮಿ. ಹಣಕ್ಕಾಗಿ ಮಾಡಿದ್ದಲ್ಲ, ಪಾಪ, ಜನ ಚೆನ್ನಾಗಿರಲಿ ಅಂತಲೇ. ಆದರೆ ಚೆನ್ನಾಗಿರುವವರನ್ನೂ ಬಿಡುತ್ತಿರಲಿಲ್ಲ.

ಮನೆಯ ನಟ್ಟನಡುವಿನ ಜಾಗ ಬ್ರಹ್ಮಸ್ಥಾನ, ಅಲ್ಲಿ ಭಾರ ಇಡಬಾರದು, ಕಂಬ ಅಂತೂ ಕೂಡದೇ ಕೂಡದು ಅನ್ನುವುದು ಅವರ ಪಾಲಿಗೆ ವೇದವಾಕ್ಯ. ಹೆಂಡತಿಯ ಕಂಪ್ಯೂಟರಿನಲ್ಲಿ ಆ ಕಂಬ ಕಂಡ ದಿನವೇ, "ನೀಲಾ, ಅದನ್ನ ತೆಗಿ" ಅಂದರು. "ರೀ, ಇದು ಗಣಿ" ಅಂದರು ನೀಲಮ್ಮ. "ಮೇಲೆ ಮನೆ ಇದ್ಯೋ ಇಲ್ವೋ?" "ಇದೆ." "ಮತ್ತೆ?" ನೀಲಮ್ಮ ಕೈಮುಗಿದು, "ಇಲ್ಲಿಗೂ ಬಂದ್ರಾ ನೀವು? ಹೋಗಿ ಪೇಪರ್ ಓದಿ" ಅಂತ ಅಟ್ಟಿದರು. ಅವರು ಹೋದರು. ಆದರೆ ದಿನವೂ ಪೇಪರಿನ ಅಂಚಿನಿಂದ ಆ ಕಂಬವನ್ನೇ ನೋಡುತ್ತಿದ್ದರು. ಜೊತೆಗೆ ಯಾವ ಗುಂಡಿ ಒತ್ತಿದರೆ ನಡಿಗೆ, ಯಾವುದನ್ನು ಒತ್ತಿದರೆ ಕೊಡಲಿ ಅನ್ನುವುದನ್ನೂ ನೋಡಿಟ್ಟುಕೊಳ್ಳುತ್ತಿದ್ದರು ಅಂತ ನೀಲಮ್ಮನಿಗೆ ಗೊತ್ತಾಗಲಿಲ್ಲ.

ಆ ದಿನ ಅಲಮೇಲು ತಡವಾಗಿ ಬರುತ್ತೇನೆ ಅಂದಿದ್ದರು. ನೀಲಮ್ಮ ಆಟ ತೆರೆದು, ನೆಲಮಾಳಿಗೆಯಲ್ಲಿ ಕಂಬದ ಬುಡದಲ್ಲಿ ಆಟದೊಳಗಿನ ತಮ್ಮ ಬೊಂಬೆಯನ್ನು ನಿಲ್ಲಿಸಿ, ಹಾಗೇ ಬಿಟ್ಟು ಸ್ನಾನಕ್ಕೆ ಹೋದರು. ಈ ಮಂಡಿಯ ದೆಸೆಯಿಂದ ಸ್ನಾನವೆಂದರೆ ಒಂದು ಯಾತ್ರೆ. ಬಚ್ಚಲಿನ ಬಾಗಿಲು ಹಾಕಿದ ಸದ್ದು ಕೇಳಿದ್ದೇ ರೇವಣಸಿದ್ದಪ್ಪನವರು ಪೇಪರು ಮಡಿಸಿದರು.

ತಲೆ ಒರೆಸಿಕೊಳ್ಳುತ್ತ ಬಂದ ನೀಲಮ್ಮ ಪರದೆ ನೋಡಿ ಹುಬ್ಬು ಗಂಟಿಕ್ಕಿದರು. ನೆಲಮಾಳಿಗೆಯಲ್ಲಿ ಬಿಟ್ಟು ಹೋಗಿದ್ದ ಬೊಂಬೆ ಈಗ ಮೇಲೆ, ಮನೆಯ ಹೊರಗೆ, ಬಿಸಿಲಿನಲ್ಲಿ ನಿಂತಿದೆ.

"ರೀ, ನಾನ್ ಕೆಳಗಿದ್ನಲ್ಲ, ಮೇಲೆ ಹೆಂಗ್ ಬಂದೆ?"

"ನಾನೇ ಕರ್ಕೊಂಡ್ ಬಂದೆ. ಪೂರ್ವಕ್ಕೆ ಮುಖ ಮಾಡಿ ನಿಲ್ಸಿದೀನಿ."

"ಅಷ್ಟೇ ತಾನೇ ಮಾಡಿರೋದು?"

ರೇವಣಸಿದ್ದಪ್ಪನವರು ಗಂಟಲು ಸರಿಮಾಡಿಕೊಂಡರು. "ಆ ಕಂಬ ತೆಗ್ದೆ. ನೀನು ಸುಮ್ನೆ ಹೆದರ್ತಿದ್ದೆ ನೀಲಾ. ಕಂಬ ಹೋಯ್ತು, ತೊಲೆಗಳೂ ಹೋದ್ವು, ಒಂದು ಚೂರು ಮಣ್ಣೂ ಉದುರ್ಲಿಲ್ಲ. ಹೆಂಗ್ ನಿಂತಿದೆ ಗೊತ್ತಾ ಸೂರು!"

ನೀಲಮ್ಮ ಬೈಯಲಿಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ಯಾರ್ಯಾರು ಆಟದೊಳಗಿದ್ದಾರೆ ಅಂತ ತೋರಿಸುವ, ಪರದೆಯ ಮೂಲೆಯ ಸಾಲು ಕಣ್ಣಿಗೆ ಬಿತ್ತು. ಅಲಮೇಲು ಆಗಲೇ ಒಳಗೆ ಬಂದಿದ್ದರು. ಮನೆಯ ಗೋಡೆಗೆ ಸಿಕ್ಕಿಸಿಟ್ಟ ಎರಡು ಪಂಜಿನಲ್ಲಿ ಒಂದು ಇರಲಿಲ್ಲ. ಅಂದರೆ ಅಲಮೇಲು ಪಂಜು ತೆಗೆದುಕೊಂಡು ತಾಮ್ರ ಅಗೆಯಲು ಕೆಳಗಿಳಿದಾಗಿದೆ. ಸೂರು ನಿಂತಿರುವುದು ಗಟ್ಟಿಯಾಗಿದೆ ಅಂತಲ್ಲ, ಇನ್ನೂ ಯಾರೂ ಪಿಕಾಸಿ ಬೀಸಿಲ್ಲ ಅಂತ. ಈಗ ಬೀಸುವವಳು ಅದರ ಕೆಳಗೇ ಇದ್ದಾಳೆ.

"ಅಯ್ಯೋ, ಕೊಂದ್ಬಿಟ್ರಲ್ರೀ ಅವಳ್ನ!"

ಅಲಮೇಲುವಿಗೆ ಫೋನು ಮಾಡಿದರು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದರು, ಎತ್ತಲಿಲ್ಲ. ಕೂಸು ಮಲಗಿರಬೇಕು, ಫೋನನ್ನು ಸೈಲೆಂಟಿಗೆ ಹಾಕಿ ಎಲ್ಲೋ ಇಟ್ಟಿರಬೇಕು. ಕಶ್ಯಪ್ ಆಫೀಸಿಗೆ, ರಾಗಿಣಿ ಕಾಲೇಜಿಗೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಪರದೆಯ ಮೇಲೆ ಬರೆದು ಕಳಿಸೋಣವೆಂದರೆ ಆ ಇರುವೆಯಂಥ ಅಕ್ಷರ ಅಲಮೇಲುವಿಗೆ ಕಾಣುವುದಿಲ್ಲ, ಆಕೆ ಒಂದು ದಿನವೂ ಅದನ್ನು ಓದಿದವರಲ್ಲ. ಆದರೂ "ಹೊಡಿಬೇಡ" ಅಂತ ಬರೆದರು. ಅವಸರಕ್ಕೆ ಅದು ಏನೇನೋ ಆಯಿತು.

"ಕಂಬ ವಾಪಸ್ ನಿಲ್ಸು ಮತ್ತೆ" ಅಂದರು ರೇವಣಸಿದ್ದಪ್ಪನವರು, ಈಗ ದನಿ ಸಣ್ಣದಾಗಿತ್ತು.

"ಮರ ಕಡಿದು, ಕಂಬ ಮಾಡಿ, ತೊಲೆ ಕೆತ್ತಿ ಹೋಗೋ ಹೊತ್ತಿಗೆ ಅವಳಿರ್ತಾಳಾ? ಸುಮ್ನಿರಿ ನೀವು!"

ಉಳಿದದ್ದು ಒಂದೇ ದಾರಿ. ನೀಲಮ್ಮ ಇನ್ನೊಂದು ಪಂಜು ಕಿತ್ತುಕೊಂಡು ಮೆಟ್ಟಿಲಿಳಿದರು. ತಾವೂ ಅದೇ ಸೂರಿನ ಕೆಳಗೆ ಹೋಗುತ್ತಿದ್ದೇವೆ, ಬಿದ್ದರೆ ಇಬ್ಬರ ಮೇಲೂ ಬೀಳುತ್ತದೆ ಅನ್ನುವುದು ಗೊತ್ತಿತ್ತು. ಅವಳೊಬ್ಬಳೇ ಹೋದರೆ ತಾನು ಆ ದಾರಿಯಲ್ಲಿ ಒಬ್ಬಳೇ ನಡೆದು ಮಾಡುವುದೇನು ಅಂತ ಅನ್ನಿಸಿತು, ಇಳಿದರು.

ನೆಲಮಾಳಿಗೆ ಬಣಗುಟ್ಟುತ್ತಿತ್ತು. ನಡುವೆ ಕಂಬವಿದ್ದ ಜಾಗ ಬೋಳು. ದೂರದ ಗೋಡೆಯ ಹತ್ತಿರ ಅಲಮೇಲುವಿನ ಬೊಂಬೆ ಬೆನ್ನು ತಿರುಗಿಸಿ ನಿಂತು, ಆಕೆ ಎಲ್ಲವನ್ನೂ ಮಾಡುವಂತೆ ನಿಧಾನವಾಗಿ, ಪಿಕಾಸಿ ಎತ್ತುತ್ತಿತ್ತು. ಒಂದು ಕಲ್ಲು ಕಿತ್ತು ಬಂತು. ಮೇಲಿನಿಂದ ಸರ್ರನೆ ಧೂಳು ಸುರಿಯಿತು, ಬಂಡೆ ಗುಡುಗಿತು. ಕೆಂಗೇರಿಯಲ್ಲಿ ಕೂಸಿಗಾಗಿ ಕಂಪ್ಯೂಟರಿನ ಸದ್ದನ್ನೂ ಬಂದ್ ಮಾಡಿದ್ದ ಅಲಮೇಲುವಿಗೆ ಗುಡುಗೂ ಕೇಳಲಿಲ್ಲ, ಏನೂ ಇಲ್ಲ. ಆಕೆ ಆರಾಮಾಗಿ ಪಕ್ಕದ ಕಲ್ಲಿಗೆ ತಿರುಗಿದರು.

"ನಿಲ್ಲೇ ಅಲಮೇಲು!" ಅಂತ ನೀಲಮ್ಮ ಹಾಲಿನಲ್ಲೇ ಕಿರುಚಿದರು. ಕಿರುಚುತ್ತಲೇ ಓಡಿ, ಪಿಕಾಸಿಗೂ ಕಲ್ಲಿಗೂ ನಡುವೆ ತಮ್ಮ ಬೊಂಬೆಯನ್ನು ತಂದು ನಿಲ್ಲಿಸಿದರು.

ಪಿಕಾಸಿ ನೀಲಮ್ಮನ ಎದೆಗೇ ಬಿತ್ತು. ಪರದೆ ಕೆಂಪಾಯಿತು, ಪ್ರಾಣದ ಪಟ್ಟಿ ಅರ್ಧಕ್ಕಿಳಿಯಿತು. ಕೈ ಬೀಸಿದ ಭರದಲ್ಲಿ ಅಲಮೇಲು ಇನ್ನೊಂದು ಹಾಕಿದರು. ಪಟ್ಟಿಯಲ್ಲಿ ಉಳಿದದ್ದು ಅಂಚಿನ ಒಂದು ಗೆರೆ. ಹಿಂದೆ ನಿಂತಿದ್ದ ರೇವಣಸಿದ್ದಪ್ಪನವರು "ಶಿವಶಿವಾ, ಸರ್ಕೊಳ್ಳೇ ನೀಲಾ, ಸರ್ಕೋ!" ಅಂತ ಕುರ್ಚಿಯನ್ನೇ ಹಿಡಿದು ಎಳೆದರು. ನೀಲಮ್ಮ ಸರಿಯಲಿಲ್ಲ.

ಮೂರನೆಯ ಏಟಿಗೆ ಎತ್ತಿದ ಪಿಕಾಸಿ ಅಲ್ಲೇ ನಿಂತಿತು. ಕಲ್ಲಿನ ಬದಲು ಗೆಳತಿಯ ಮುಖ ಯಾಕೆ ಬಂತು ಅಂತ ಅಲಮೇಲುವಿಗೆ ಆಗ ಹೊಳೆದಿರಬೇಕು. ನೀಲಮ್ಮ ತಲೆಯನ್ನು ಮೇಲೆತ್ತಿದರು, ಇಳಿಸಿದರು, ಮತ್ತೆ ಮೇಲೆತ್ತಿದರು. ಅಲಮೇಲುವಿನ ಬೊಂಬೆಯೂ ನಿಧಾನವಾಗಿ ತಲೆಯೆತ್ತಿ ಸೂರು ನೋಡಿತು, ಹಿಂದೆ ತಿರುಗಿ ಕಂಬವಿದ್ದ ಜಾಗ ನೋಡಿತು, ಹಾಗೇ ಕಲ್ಲಾಗಿ ನಿಂತಿತು. ಸ್ವಲ್ಪ ಹೊತ್ತಿಗೆ ನೀಲಮ್ಮನ ಫೋನು ರಿಂಗಾಯಿತು.

"ಕಂಬ ಎಲ್ಲೇ?" ಅಲಮೇಲು ಪಿಸುಗುಟ್ಟಿದರು, ಕೂಸು ಏಳಬಾರದಲ್ಲ.

"ನಮ್ಮನೇರು ತೆಗೆದ್ರು ಕಣೇ. ಪಿಕಾಸಿ ಕೆಳಗಿಡು. ಒಂದು ಕಲ್ಲೂ ಮುಟ್ಬೇಡ. ನನ್ ಹಿಂದೆ ಬಾ."

"ನಡೆದ್ರೆ ಬೀಳಲ್ವಾ?"

"ನಡೆದ್ರೆ ಬೀಳಲ್ಲ, ಅಗೆದ್ರೆ ಮಾತ್ರ. ಬಾ ಅಂದ್ನಲ್ಲ."

ಆದರೂ ಅಲಮೇಲು ತುದಿಗಾಲಲ್ಲಿ ನಡೆಯುವವರ ಹಾಗೆ ಒಂದೊಂದೇ ಹೆಜ್ಜೆ ಹಾಕಿಕೊಂಡು ಬಂದರು. ಇಷ್ಟು ವರ್ಷದಲ್ಲಿ ಮೊದಲ ಸಲ ನೀಲಮ್ಮನಿಗೆ ಆಕೆಯ ನಿಧಾನದ ಮೇಲೆ ಕೋಪ ಬರಲಿಲ್ಲ. ಇಬ್ಬರೂ ಮೆಟ್ಟಿಲ ಬುಡದ ಬಾಗಿಲಿಗೆ ಬಂದು, ಅಲ್ಲಿ ಮೊದಲೇ ಹಾಕಿದ್ದ ಬೇರೆ ತೊಲೆಯ ಆಸರೆಗೆ ನಿಂತರು. ನೀಲಮ್ಮ ಉಸಿರು ಬಿಟ್ಟರು.

"ಬಿದ್ದೇ ಇಲ್ವಲ್ಲ" ಅಂದರು ಹಿಂದಿನಿಂದ ರೇವಣಸಿದ್ದಪ್ಪನವರು, ಕೊನೆಯ ಆಸೆ ಬಿಡದೆ.

ನೀಲಮ್ಮ ಬಾಗಿಲ ತೊಲೆಯ ಕೆಳಗೇ ನಿಂತು, ಪಿಕಾಸಿ ಚಾಚಿ, ಒಳಗಿನ ಗೋಡೆಯ ಒಂದು ಕಲ್ಲು ಕಿತ್ತರು. ಧೂಳು ಉದುರಿತು, ಅಷ್ಟೆ. ಇನ್ನೊಂದು ಕಿತ್ತರು. ನಡುವಿನ ಬಂಡೆ ಮೊದಲು ಬಂತು, ಅದರ ಬೆನ್ನಿಗೆ ಎಡದ್ದು, ಬಲದ್ದು, ಹಿಂದಿನದು. ಇಡೀ ಸೂರು ಧಡಧಡನೆ ಇಳಿದು ನೆಲಮಾಳಿಗೆ ಗೋಡೆಯಿಂದ ಗೋಡೆಗೆ ತುಂಬಿಹೋಯಿತು. ಅಲಮೇಲು ಪಿಕಾಸಿ ಎತ್ತಿ ನಿಂತಿದ್ದ ಜಾಗ ಯಾವುದು ಅಂತ ಗುರುತೂ ಸಿಗಲಿಲ್ಲ.

"ಪೆರುಮಾಳೇ!" ಅಂತ ಅಲಮೇಲು ಈ ಸಲ ದೊಡ್ಡದಾಗಿ ಕೂಗಿದರು. ಕೆಂಗೇರಿಯ ಕೂಸು ಎದ್ದು ಅಳತೊಡಗಿತು. ಆಕೆ ಅದನ್ನು ಎತ್ತಿಕೊಂಡು, "ಇಲ್ಲ ಕಂದ, ಇಲ್ಲ, ಅಜ್ಜಿ ಇದೀನಿ, ಇಲ್ಲೇ ಇದೀನಿ" ಅನ್ನುತ್ತ ತಟ್ಟುವುದು ಸ್ಪೀಕರಿನಲ್ಲಿ ಕೇಳಿಸಿತು. ಅದನ್ನು ಕೇಳುತ್ತ ಕೇಳುತ್ತ ನೀಲಮ್ಮನಿಗೆ ಅಳು ಬಂತು, ಅಳುತ್ತಲೇ ನಗುವೂ ಬಂತು. ಇದ್ದಾಳಲ್ಲ! ನೆಲಮಾಳಿಗೆ ಹೋದರೆ ಹೋಗಲಿ, ತಾಮ್ರ ಹೋದರೆ ಹೋಗಲಿ.

ರೇವಣಸಿದ್ದಪ್ಪನವರು ಮಾತ್ರ ದಿವಾನದ ಮೇಲೆ ಕುಸಿದು ಕೂತುಬಿಟ್ಟಿದ್ದರು. "ಇಷ್ಟೊಂದು ಆಗುತ್ತೆ ಅಂತ ಗೊತ್ತಿರ್ಲಿಲ್ಲ ನೀಲಾ" ಅಂದರು. "ನಡುವೆ ಬಿಟ್ಟು ಆಚೆಗೊಂದು ಈಚೆಗೊಂದು ಕಂಬ ನಿಲ್ಸಿ, ಮೇಲೆ ಅಡ್ಡ ತೊಲೆ ಹಾಕಿದ್ರೆ ಆಗಲ್ವಾ?"

"ಆಗುತ್ತೆ."

"ಮೊದ್ಲೇ ಹೇಳ್ಬಾರ್ದಿತ್ತಾ ಮತ್ತೆ?"

"ಕೊಡಲಿ ಎತ್ತೋ ಮೊದ್ಲು ನೀವು ಕೇಳ್ಬಾರ್ದಿತ್ತಾ?" ನೀಲಮ್ಮನಿಗೆ ಈಗ ಕೋಪ ನೆತ್ತಿಗೇರಿತು. "ಊರೋರ ಮನೆ ಬಾಗಿಲೆಲ್ಲ ಕೀಳ್ಸಿದ್ದು ಸಾಲ್ದೇನ್ರೀ? ಇದೊಂದು ಜಾಗ ನನಗೆ ಅಂತ ಇತ್ತು. ಇಲ್ಲಿ ನಾನು ಓಡಾಡ್ತೀನಿ, ಇಲ್ಲಿ ಅವಳಿದ್ದಾಳೆ. ನಿಮಗೆ ಇದು ಆಟ. ಆಟದ ಮನೇಲಿ ಕಂಬ ಎಲ್ಲಿದ್ರೆ ನಿಮಗೇನ್ರೀ ಹೋಗ್ಬೇಕು?"

ಅವರು ತಲೆ ತಗ್ಗಿಸಿಯೇ ಹೇಳಿದರು. "ಡಾಕ್ಟ್ರು ಎಲ್ಲಾ ಸರಿಯಾಗಿದೆ ಅಂತಾರೆ. ಮಾತ್ರೆ ಆಯ್ತು, ಎಣ್ಣೆ ಆಯ್ತು. ಈ ಮನೇನೆಲ್ಲಾ ತಿರುಗ ಮುರುಗ ನೋಡ್ದೆ, ಒಂದು ದೋಷ ಇಲ್ಲ. ಮತ್ಯಾಕೆ ನಿನ್ ಮಂಡಿ ವಾಸಿ ಆಗ್ತಿಲ್ಲ? ಆಮೇಲೆ ಆ ಕಂಬ ನೋಡ್ದೆ. ಬೆಳಗಾದ್ರೆ ನೀನು ಇರೋದೆಲ್ಲ ಆ ಮನೇಲೇ. ಬ್ರಹ್ಮಸ್ಥಾನದಲ್ಲಿ ಭಾರ ಇದ್ರೆ ಯಜಮಾನಿ ಕಾಲಿಗೆ ಬರುತ್ತೆ ಕಣೇ. ಅದಕ್ಕೇ ತೆಗ್ದೆ, ಇನ್ನೇನು ಮಾಡ್ಲಿ?"

ನೀಲಮ್ಮ ಅವರನ್ನೇ ನೋಡಿದರು. ಇಷ್ಟು ದಿನವೂ ಈ ಮನುಷ್ಯ ಪೇಪರಿನ ಹಿಂದೆ ಕೂತು ತನ್ನನ್ನು ಆಟದ ಹುಚ್ಚಿ ಅಂದುಕೊಂಡಿದ್ದಾರೆ ಅಂತಲೇ ಆಕೆ ತಿಳಿದಿದ್ದದ್ದು.

"ಅಂದ್ರೆ, ಅದನ್ನ ನೀವೂ ಮನೆ ಅಂತಾನೇ ಅಂದ್ಕೊಂಡಿದ್ರಾ?"

"ಮನೆ ಅಲ್ದೆ ಇನ್ನೇನೇ? ನೀನು ನಡೆಯೋದು ಅಲ್ಲೊಂದೇ ಕಡೆ ತಾನೇ?"

ನೀಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಪಕ್ಕದ ಕುರ್ಚಿಯ ಮೇಲೆ ಒರಗಿಸಿದ್ದ ಕೋಲನ್ನು ಎತ್ತಿ ಕೆಳಗಿಟ್ಟರು.

"ಬನ್ನಿ ಇಲ್ಲಿ, ಕೂತ್ಕೊಳ್ಳಿ" ಅಂದರು. ಆಮೇಲೆ ಫೋನಿನ ಕಡೆ ಬಾಗಿ, "ಅಲಮೇಲು, ನಾಳೆಯಿಂದ ಇವ್ರೂ ವಾಕಿಂಗಿಗೆ ಬರ್ತಾರಂತೆ ಕಣೇ."

ಕೂಸು ಸುಮ್ಮನಾಗಿತ್ತು. ಅಲಮೇಲು ಮತ್ತೆ ಪಿಸುದನಿಗೆ ಇಳಿದಿದ್ದರು.

"ಬರ್ಲಿ ಬಿಡು. ಕೈಗೆ ಕೊಡಲಿ ಮಾತ್ರ ಕೊಡ್ಬೇಡ."